ವಾರ್ತಾವಿದ್ಯೆಯನ್ನು ಕುರಿತು ಒಂದು ಪ್ರತ್ಯುತ್ತರ

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಜಗಲಿಯ ಮೇಲೆ ಕಾಫಿ ಸೇವನೆ ನಡೆಯುತ್ತಿದ್ದಾಗ, ವಯಸ್ಸಿನಲ್ಲಿಯೂ ವಿದ್ಯೆಯಲ್ಲಿಯೂ ನನಗಿಂತ ಹಿರಿಯರಾದ ಮಿತ್ರರೊಬ್ಬರು ಒಂದು ಮಾತನ್ನಾಡಿದರು. ಅವರ ಮೊಮ್ಮಗಳು ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಬಿ.ಎ. ತರಗತಿಯಲ್ಲಿ ಕನ್ನಡ, ಇತಿಹಾಸಗಳೊಡನೆ ಪತ್ರಿಕೋದ್ಯಮವನ್ನು ಓದುವೆನೆಂದು ಹಟ ಹಿಡಿದಿರುವಳಂತೆ. "ಸುದ್ದಿ ಹೇಳುವುದಕ್ಕೂ ಒಂದು ಡಿಗ್ರಿಯೇ ಮೇಷ್ಟ್ರೇ? ಹಾಗಿದ್ದರೆ ನಮ್ಮೂರ ಅರಳೀಕಟ್ಟೆಯ ಮೇಲೆ ಕುಳಿತವರೆಲ್ಲ ಇಷ್ಟು ಹೊತ್ತಿಗೆ ಪ್ರೊಫೆಸರುಗಳಾಗಬೇಕಾಗಿತ್ತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನು. ಮನೆಗೆ ಬಂದಮೇಲೆ ಆ ನಗೆ ನನಗೆ ಒಗ್ಗಲಿಲ್ಲ. ಮಾತು ಚೆನ್ನಾಗಿತ್ತೆಂಬ ಕಾರಣದಿಂದ ಒಂದು ಹುಡುಗಿಯ ವಿದ್ಯೆ ಕೆಡಬಾರದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂತಹ ಮಾತು ನಡೆಯುತ್ತಿರುವ ಮನೆ ಅದೊಂದೇ ಅಲ್ಲ. ಆದುದರಿಂದ ಅಂದು ಬಾಯಲ್ಲಿ ಹೇಳದೆ ಉಳಿದ ಉತ್ತರವನ್ನು ಮಿತ್ರರ ಕ್ಷಮೆ ಬೇಡಿ ಇಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಹೇಳುವುದರಲ್ಲಿ ಕಲಿಯತಕ್ಕುದೇನಿದೆ ಎಂಬುದು ಅವರ ಆಕ್ಷೇಪದ ತಿರುಳು. ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆ ತುಂಬಿ ಕೋಡಿ ಬಿದ್ದಿತೆಂದು ಒಂದು ಪತ್ರಿಕೆಯಲ್ಲಿ ಚಿತ್ರಸಮೇತವಾಗಿ ಅಚ್ಚಾಯಿತು. ಪತ್ರಿಕೆಯ ಹೆಸರು ಬೇಡ. ಗ್ರಾಮಸ್ಥರು ಬಾಗಿನ ಅರ್ಪಿಸಿದರೆಂದೂ ರೈತರ ಮೊಗದಲ್ಲಿ ಮಂದಹಾಸ ಮೂಡಿತೆಂದೂ ಬರೆದಿತ್ತು. ಆ ದಿನ ಕೆರೆಯ ಅಂಗಳದಲ್ಲಿ ಜಾಲಿಯ ಮೆಳೆಗಳ ನಡುವೆ ದನಗಳು ಮೇಯುತ್ತಿದ್ದುವು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನು ಫೋನು ಮಾಡಿ ಸಂತೋಷಪಟ್ಟನು. ವಿಚಾರಿಸಲಾಗಿ, ಪಕ್ಕದ ತಾಲ್ಲೂಕಿನಲ್ಲಿ ನಮ್ಮೂರ ಹೆಸರಿನದೇ ಇನ್ನೊಂದು ಊರಿದ್ದು, ಅಲ್ಲಿಂದ ಯಾರೋ ಫೋನಿನಲ್ಲಿ ಹೇಳಿದುದನ್ನು ಯಾರೋ ಬರೆದುಕೊಂಡು, ಯಾವುದೋ ವರ್ಷದ ಚಿತ್ರವನ್ನು ಅಂಟಿಸಿದ್ದರೆಂದು ಗೊತ್ತಾಯಿತು. ಇಷ್ಟರಲ್ಲಿಯೇ ಮುಗಿದಿದ್ದರೆ ನಗಬಹುದಾಗಿತ್ತು. ಮರುವಾರ ಕುಡಿಯುವ ನೀರಿನ ಟ್ಯಾಂಕರಿಗಾಗಿ ಅರ್ಜಿ ಹಿಡಿದು ಹೋದ ನಮ್ಮೂರಿನವರಿಗೆ ಒಂದು ಕಛೇರಿಯಲ್ಲಿ ಸಿಕ್ಕಿದ ಉತ್ತರವು, "ನಿಮ್ಮ ಕೆರೆ ಕೋಡಿ ಬಿದ್ದಿದೆಯಲ್ಲ, ಪೇಪರಿನಲ್ಲಿ ಬಂದಿದೆ" ಎಂಬುದು. ಟ್ಯಾಂಕರು ಬರುವುದಕ್ಕೆ ಹದಿನೇಳು ದಿನಗಳು ಹಿಡಿದುವು. ತಿದ್ದುಪಡಿ ಅಚ್ಚಾಗಲೇ ಇಲ್ಲ.

ಅರಳೀಕಟ್ಟೆಯವರನ್ನು ಮಿತ್ರರು ಹೆಸರಿಸಿದರಷ್ಟೆ. ಅದೇ ಮಾತು ಕಟ್ಟೆಯ ಮೇಲೆ ಹುಟ್ಟಿದ್ದರೆ, ಕೇಳಿದವರಲ್ಲಿ ಒಬ್ಬನು ಪಂಚೆ ಕೊಡವಿಕೊಂಡು ಎದ್ದು ಕೆರೆಯ ಏರಿಯ ಮೇಲೆ ನಿಂತು ನೋಡಿ ಬರುತ್ತಿದ್ದನು. ಅಚ್ಚಾದ ಮಾತನ್ನು ಹಾಗೆ ಹೋಗಿ ನೋಡುವವರಿಲ್ಲ. ಅದಕ್ಕೆ ಕಟ್ಟೆಯ ಮಾತಿಗಿಲ್ಲದ ಪ್ರಾಮಾಣ್ಯ ಬಂದುಬಿಡುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಆದರೆ ಎಲ್ಲರ ಶಬ್ದವನ್ನಲ್ಲ, ಆಪ್ತನ ಶಬ್ದವನ್ನು ಮಾತ್ರ. ಆಪ್ತನೆಂದರೆ ನಂಟನೆಂದಲ್ಲ. ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ಬರೆದಿಟ್ಟಿದ್ದಾನೆ. ಹುಟ್ಟಿನಿಂದಾಗಲಿ ಪದವಿಯಿಂದಾಗಲಿ ಯಾವನೂ ಆಪ್ತನಾಗುವುದಿಲ್ಲ. ಹಾಗಾದಮೇಲೆ ಅದು ಅಭ್ಯಾಸದಿಂದ ಬರತಕ್ಕುದು. ಅಭ್ಯಾಸದಿಂದ ಬರುವುದನ್ನು ಕಲಿಸಬಹುದು.

ಇನ್ನು ಭಾಷೆಯ ವಿಷಯ. ಮೂವತ್ತು ವರ್ಷಗಳಿಗೂ ಮಿಕ್ಕಿ ವ್ಯಾಕರಣ ಬೋಧಿಸಿದವನಾದ ನಾನು ಇದನ್ನು ಸ್ವಲ್ಪ ಉದ್ದವಾಗಿ ಹೇಳಿದರೆ ವಾಚಕರು ಸಹಿಸಬೇಕು. ನಮ್ಮ ಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ಮಳೆ ಬಂದರೆ "ವರುಣನ ಆರ್ಭಟ", ಬಾರದಿದ್ದರೆ "ವರುಣನ ಮುನಿಸು". ಮಳೆಗೆ ಒಡೆಯನು ಪರ್ಜನ್ಯನೇ ಹೊರತು ವರುಣನಲ್ಲವೆಂದು ಹೇಳಹೊರಟರೆ ಪಂಡಿತನ ಗೊಣಗಾಟವೆನ್ನುವಿರಿ, ಬಿಡೋಣ. ಆದರೆ ವರುಣನು ಮುನಿದನೆಂದು ಬರೆದ ಮೇಲೆ ಎಷ್ಟು ಮಿಲಿಮೀಟರು ಮಳೆಯಾಯಿತು, ವಾಡಿಕೆಯ ಮಳೆ ಎಷ್ಟಾಗಬೇಕಾಗಿತ್ತು, ಬಿತ್ತಿದ ಹೊಲವೆಷ್ಟು ಒಣಗಿತು ಎಂಬುದನ್ನು ಬರೆಯುವ ಹೊಣೆ ತಪ್ಪಿಹೋಗುವುದಲ್ಲ, ಅದನ್ನು ನಾನು ಆಕ್ಷೇಪಿಸುತ್ತೇನೆ. ರಸ್ತೆಯಲ್ಲಿ ಅಪಘಾತವಾದರೆ "ಜವರಾಯನ ಅಟ್ಟಹಾಸ". ಜವರಾಯನ ಮೇಲೆ ಮೊಕದ್ದಮೆ ಹೂಡಲಾಗುವುದಿಲ್ಲ. ರಸ್ತೆಯ ಗುಂಡಿಯನ್ನು ಮುಚ್ಚದ ಕಂಟ್ರಾಕ್ಟರನ ಮೇಲೆ ಹೂಡಬಹುದು. ಅವನು ಜವರಾಯನ ಹಿಂದೆ ಸುಖವಾಗಿ ನಿಂತಿರುತ್ತಾನೆ.

ಇದಕ್ಕಿಂತಲೂ ಕೆಟ್ಟುದು ಕರ್ಮಣಿ ಪ್ರಯೋಗ. "ಎನ್ನಲಾಗಿದೆ", "ಹೇಳಲಾಗುತ್ತಿದೆ", "ಆರೋಪ ಕೇಳಿಬಂದಿದೆ", "ಮೂಲಗಳಿಂದ ತಿಳಿದುಬಂದಿದೆ". ಎಂದವರಾರು? ಕೇಳಿದವರಾರು? ಯಾವ ಮೂಲ? ವಾಕ್ಯದಲ್ಲಿ ಕರ್ತೃಪದ ಲೋಪವಾದಾಗ ಲೋಪವಾಗುವುದು ಪದ ಮಾತ್ರವಲ್ಲ. ನನ್ನ ತರಗತಿಯಲ್ಲಿ ಹುಡುಗನೊಬ್ಬನು "ಕಿಟಕಿಯ ಗಾಜು ಒಡೆಯಲ್ಪಟ್ಟಿತು" ಎಂದಾಗ ನಾನು ಕರ್ತರಿ ಪ್ರಯೋಗಕ್ಕೆ ತಿರುಗಿಸು ಎಂದೆನು. ತಿರುಗಿಸುವುದಕ್ಕೆ ಅವನು ತನ್ನ ಹೆಸರನ್ನೇ ಹೇಳಬೇಕಾಯಿತು. ಪತ್ರಿಕೆಗೆ ಬರೆಯುವವನಿಗೂ ಇದೇ ಪಾಠ ಬೇಕು. ಇದು ಕನ್ನಡದ ಅಧ್ಯಾಪಕನು ಕಲಿಸಬಹುದಾದ ಪಾಠ. ಕ್ಯಾಮರಾ ಬೇಡ, ಸ್ಟುಡಿಯೋ ಬೇಡ.

ಮಾದರಿ ಬೇಕೆಂದರೆ ದೂರ ಹೋಗಬೇಕಾದುದಿಲ್ಲ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನ. ಪ್ರವಾಸಿಗಳು ಗೋಪುರದ ಮುಂದೆ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಹೊರಟುಹೋಗುತ್ತಾರೆ. ಕಲ್ಲನ್ನು ಓದುವವರು ವಿರಳ. ಯಾವ ದಾನಶಾಸನವನ್ನಾದರೂ ತೆಗೆದುಕೊಳ್ಳಿ: ಕೊಟ್ಟವನಾರು, ಪಡೆದವನಾರು, ಯಾವ ಶಕವರ್ಷ, ಯಾವ ತಿಥಿವಾರ, ಎಷ್ಟು ಭೂಮಿ, ಅದರ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು, ಸಾಕ್ಷಿಗಳಾರು. ಇಲ್ಲಿ "ಎನ್ನಲಾಗಿದೆ" ಎಂಬುದಕ್ಕೆ ಎಡೆಯಿಲ್ಲ. ಕಲ್ಲಿನಲ್ಲಿ ಕೊರೆಯುವವನಿಗೆ ಅಷ್ಟು ಬಿಡುವಿರಲಿಲ್ಲ. ಬಿ.ಎಲ್. ರೈಸ್ ಅವರು ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಸಂಗ್ರಹಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ನಮ್ಮ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳ ಕೈಗೆ ಮೊದಲ ತಿಂಗಳು ಈ ಸಂಪುಟವನ್ನು ಕೊಟ್ಟು, ಹತ್ತು ಶಾಸನಗಳನ್ನು ಹತ್ತು ವರ್ತಮಾನಗಳಾಗಿ ಬರೆಯಿಸಿದರೆ, ವರದಿಯ ಲಕ್ಷಣವನ್ನು ಬೇರೆ ಉಪನ್ಯಾಸದಿಂದ ಹೇಳಬೇಕಾಗುವುದಿಲ್ಲ.

ಇಲ್ಲಿ ಒಂದು ಉಪಕಥೆ. ನಾರದರೇ ಪ್ರಥಮ ಪತ್ರಕರ್ತರೆಂದು ವರ್ಷಕ್ಕೊಮ್ಮೆ ಭಾಷಣ ಮಾಡುವ ಮಹಾಶಯರಿದ್ದಾರೆ. ದೇವರ್ಷಿಗಳಲ್ಲಿ ನನಗೆ ಗೌರವ ಕಡಮೆಯಲ್ಲ. ಆದರೆ ಪುರಾಣಗಳಲ್ಲಿ ಅವರು ಹೊತ್ತು ತಂದ ಮಾತಿನಿಂದ ಕಾರ್ಯಸಾಧನೆಯಾಗುವುದೇ ಹೆಚ್ಚು. ಕಾರ್ಯಸಾಧಕನು ದೂತನಾದಾನು, ವರದಿಗಾರನಾಗಲಾರನು. ದೃಷ್ಟಾಂತ ಬೇಕಾದರೆ ಸಂಜಯನನ್ನು ಹೇಳಿರಿ. ದಿವ್ಯದೃಷ್ಟಿಯ ಮಾತನ್ನು ಎಲ್ಲರೂ ಬಲ್ಲರು. ಅವನು ಹೇಳುವ ಕ್ರಮವನ್ನು ಗಮನಿಸಿದವರು ಕಡಮೆ. ಭೀಷ್ಮಪರ್ವದಲ್ಲಿ ಅವನು ರಣಭೂಮಿಯಿಂದ ಹಿಂದಿರುಗಿ ಮೊದಲು ಹೇಳುವುದು ಭೀಷ್ಮರು ಬಿದ್ದರೆಂಬ ಒಂದು ಸಂಗತಿಯನ್ನು. ಹೇಗೆ ಬಿದ್ದರು, ಹತ್ತು ದಿನಗಳ ಯುದ್ಧ ಹೇಗೆ ನಡೆಯಿತು ಎಂಬುದೆಲ್ಲ ದೊರೆ ಕೇಳಿದ ಅನಂತರ. ದ್ರೋಣ, ಕರ್ಣ, ಶಲ್ಯರ ವಿಷಯದಲ್ಲಿಯೂ ಇದೇ ಕ್ರಮ. ಮುಖ್ಯಾಂಶ ಮೊದಲು, ವಿವರ ಆಮೇಲೆ ಎಂದು ಪತ್ರಿಕಾಲಯಗಳಲ್ಲಿ ಇಂದು ಕಲಿಸುವುದೂ ಇದನ್ನೇ. ಇನ್ನೂ ಒಂದು ವಿಶೇಷವುಂಟು. ಕೇಳುತ್ತಿದ್ದವನು ಅವನ ಒಡೆಯ, ಅನ್ನದಾತ. ಸತ್ತವರು ಆ ಒಡೆಯನ ಮಕ್ಕಳು. ಆದರೂ ಈ ಅನರ್ಥಕ್ಕೆ ನಿನ್ನ ದೋಷವೇ ಕಾರಣವೆಂದು ಅವನು ಆ ಒಡೆಯನ ಮುಖದ ಮುಂದೆಯೇ ಹೇಳಿದನು. ಜಾಹೀರಾತಿನ ಹಣದಲ್ಲಿ ಬದುಕುವ ಪತ್ರಿಕೆಗಳಿಗೆ ಈ ಪಾಠ ಹಿಡಿಸುವುದು ಕಷ್ಟ.

ಮಿತ್ರರು ಅಂದು ಡಿ.ವಿ.ಜಿ.ಯವರ ಹೆಸರನ್ನೂ ಎತ್ತಿದರು. ಗುಂಡಪ್ಪನವರು ಯಾವ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದರು ಎಂದು ಕೇಳಿದರು. ಓದಲಿಲ್ಲ, ನಿಜ; ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟದೆ 1913ರಲ್ಲಿ 'ಕರ್ನಾಟಕ' ಪತ್ರಿಕೆಯನ್ನು ನಡೆಸಲಾರಂಭಿಸಿದರು. ಆದರೆ ಆ ವಿದ್ಯೆ ಕಲಿಸಲು ಬಾರದ್ದೆಂದು ಅವರು ನಂಬಿದ್ದರೆ 'ವೃತ್ತಪತ್ರಿಕೆ' ಎಂಬ ಗ್ರಂಥವನ್ನೇಕೆ ಬರೆಯುತ್ತಿದ್ದರು? ತಾವು ಗುರುವಿಲ್ಲದೆ ಪಟ್ಟ ಪಾಡನ್ನು ಮುಂದಿನವರು ಪಡದಿರಲೆಂದೇ ಬರೆದುದಲ್ಲವೇ? ಅಲ್ಲದೆ ಅವರು ಸಂಸ್ಕೃತವನ್ನೂ ರಾಜ್ಯಶಾಸ್ತ್ರವನ್ನೂ ವಿದ್ವಾಂಸರ ಸಹವಾಸದಲ್ಲಿ ಕಲಿತರು. ಆ ಸಹವಾಸ ಅಜ್ಜಂಪುರದ ಹೆಣ್ಣುಮಗಳಿಗೆ ಎಲ್ಲಿ ದೊರೆಯಬೇಕು? ದೊರೆಯುವ ಒಂದೇ ಸ್ಥಳ ಕಾಲೇಜು. ಮಹಾಪುರುಷರ ದೃಷ್ಟಾಂತವನ್ನು ಮಕ್ಕಳ ಬಾಗಿಲು ಮುಚ್ಚುವುದಕ್ಕೆ ಬಳಸತಕ್ಕುದಲ್ಲ.

ಪತ್ರಿಕಾವಿದ್ಯೆಗೆ ತರಗತಿಯೇ ಎಂಬ ಅಪಹಾಸ್ಯ ಹೊಸತೇನೂ ಅಲ್ಲ. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಇದಕ್ಕಾಗಿ ಶಾಲೆ ತೆರೆದಾಗಲೂ ವೃತ್ತಿಯವರು ನಕ್ಕರು. ನಮ್ಮ ದೇಶದಲ್ಲಿ ಆನಿ ಬೆಸೆಂಟರು 1920ರಲ್ಲಿ ಅಡಯಾರಿನಲ್ಲಿ ಪ್ರಯತ್ನಿಸಿದರು. 1941ರಲ್ಲಿ ಲಾಹೋರಿನ ಪಂಜಾಬು ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. ಕನ್ನಡ ನಾಡಿನಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಈ ಪಾಠಕ್ಕೆ ತಳಹದಿ ಹಾಕಿದರು. ಮೊಗ್ಲಿಂಗರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟುದು. ಪತ್ರಿಕೆ ಹುಟ್ಟಿ ನೂರೆಂಟು ವರ್ಷಗಳಾದ ಮೇಲೆ ಅದರ ಪಾಠ ಹುಟ್ಟಿತು. ಈಗ ಶಂಕರಘಟ್ಟದಲ್ಲಿ, ತರೀಕೆರೆಯವರಿಗೆ ನೆರೆಯೇ ಎನ್ನಬಹುದಾದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ, ಸ್ನಾತಕೋತ್ತರ ವಿಭಾಗವೇ ಇದೆ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಈ ವಿಷಯವಿರುವ ಕಡೆ ಅದನ್ನು ಉಳಿಸಿಕೊಳ್ಳತಕ್ಕುದು, ಇಲ್ಲದ ಕಡೆ ಬೇಡತಕ್ಕುದು.

ಹೀಗೆ ಹೇಳಿದ ಮಾತ್ರಕ್ಕೆ ಕಾಲೇಜುಗಳಲ್ಲಿ ನಡೆಯುತ್ತಿರುವುದನ್ನೆಲ್ಲ ನಾನು ಮೆಚ್ಚಿದೆನೆಂದು ತಿಳಿಯಬಾರದು. ಪರಿಚಿತ ವಿದ್ಯಾರ್ಥಿಯೊಬ್ಬನ ನೋಟ್ ಪುಸ್ತಕವನ್ನು ಓದಿದೆನು. 'ಸಂವಹನದ ಅರ್ಥ, ಸಂವಹನದ ವ್ಯಾಖ್ಯೆಗಳು, ಸಂವಹನದ ವಿಧಗಳು' ಎಂದು ನಲವತ್ತು ಪುಟಗಳು. 1948ರಲ್ಲಿ ಲಾಸ್‌ವೆಲ್ ಎಂಬ ಅಮೆರಿಕದ ವಿದ್ವಾಂಸನು ಮಾಡಿದ ಸೂತ್ರ ಅಲ್ಲಿತ್ತು. ನಮ್ಮ ತಾಲ್ಲೂಕಿನ ಒಂದು ಊರಿನ ಹೆಸರೂ ಇರಲಿಲ್ಲ. ಆ ಸೂತ್ರ ಒಳ್ಳೆಯದೇ. ಆದರೆ ಮೂರು ವರ್ಷಗಳಲ್ಲಿ ಒಮ್ಮೆಯೂ ಗ್ರಾಮಸಭೆಯಲ್ಲಿ ಕುಳಿತು ಬರೆಯದವನು ಆ ಸೂತ್ರವನ್ನು ಏತಕ್ಕೆ ಅನ್ವಯಿಸಬೇಕು? 'ಸಂವಹನ' ಎಂಬ ಪದವೇ ನನಗೊಂದು ವಿನೋದ. ಒಟ್ಟಾಗಿ ಹೊರುವುದು ಎಂಬ ಅರ್ಥದಲ್ಲಿ ಅದು ಸಾಧುವೇ. ಆದರೆ ವಕಾರಕ್ಕೆ ಒಂದು ಮಾತ್ರೆ ಹೆಚ್ಚಿಸಿ 'ಸಂವಾಹನ' ಎಂದರೆ ಸಂಸ್ಕೃತದಲ್ಲಿ ಕಾಲೊತ್ತುವುದು ಎಂದಾಗುತ್ತದೆ. ಮೃಚ್ಛಕಟಿಕ ನಾಟಕದ ಸಂವಾಹಕನು ಮೈಯೊತ್ತುವ ಕಸುಬಿನವನೇ. ಈ ಒಂದು ಮಾತ್ರೆಯನ್ನು ನಮ್ಮ ಕೆಲವು ಪತ್ರಿಕೆಗಳೂ ವಾಹಿನಿಗಳೂ ಚುನಾವಣೆಯ ಕಾಲದಲ್ಲಿ ಬಹಳ ಸುಲಭವಾಗಿ ಹೆಚ್ಚಿಸಿಬಿಡುತ್ತವೆ. ಹಣ ಪಡೆದು ಅಚ್ಚುಮಾಡುವ ಸುದ್ದಿಯನ್ನು ಕುರಿತು ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಮಾಡಬೇಕಾಯಿತು. ಇನ್ನು ಪಠ್ಯಕ್ರಮದ ಮಾತು: 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಅಧ್ಯಾಪಕರನ್ನು ಮಾತ್ರ ದೂಷಿಸಿ ಫಲವಿಲ್ಲ.

ಹಾಗಾದರೆ ಏನನ್ನು ಕಲಿಸಬೇಕು? 'ವಾರ್ತೆ' ಎಂಬ ನಮ್ಮ ಪದವೇ ಉತ್ತರ ಹೇಳುತ್ತದೆ. ಕೌಟಿಲ್ಯನು ವಿದ್ಯೆಗಳನ್ನು ನಾಲ್ಕೆಂದು ಎಣಿಸಿ, ಆನ್ವೀಕ್ಷಿಕಿ, ತ್ರಯೀ, ದಂಡನೀತಿಗಳೊಡನೆ ವಾರ್ತೆಯನ್ನು ಹೇಳಿದ್ದಾನೆ. ಅವನ ಅರ್ಥದಲ್ಲಿ ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ. ಅಂದರೆ ಜನರು ಯಾವುದರಿಂದ ಬದುಕುವರೋ ಅದು. ಅದೇ ಪದಕ್ಕೆ ಸುದ್ದಿಯೆಂಬ ಅರ್ಥವೂ ಇದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಎರಡು ಅರ್ಥಗಳನ್ನು ಬೇರ್ಪಡಿಸಲಾಗುವುದಿಲ್ಲ.

ಕೃಷಿಯನ್ನೇ ನೋಡಿರಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೂ, ಅಲ್ಲಿಂದ 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರದ ಬಳಿಯ ಸುರಂಗಕ್ಕೂ ಎತ್ತಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರು ಭೂಮಿಗೆ ಒದಗಿಸತಕ್ಕುದೆಂದು ಗೊತ್ತುಮಾಡಲಾಗಿದೆ. 2023ರ ಕೇಂದ್ರ ಆಯವ್ಯಯದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿಯೆಂದು ನಮ್ಮಲ್ಲಿ ಎಷ್ಟು ಜನ ಬಲ್ಲರು? ಆ ನೀರು ಸುರಂಗದಲ್ಲಿ ನಮ್ಮ ಕಾಲ ಕೆಳಗೇ ಹರಿದು ಹೋಗುವಾಗ ಕಡೂರಿನ ಯಾವ ಕೆರೆಗೆ ಎಷ್ಟು ಸಲ್ಲತಕ್ಕುದು, ಎಷ್ಟು ಸಂದಿತು, ಯಾರ ಭೂಮಿ ಹೋಯಿತು, ಪರಿಹಾರ ಯಾವ ದಿನಾಂಕದಲ್ಲಿ ಕೈಗೆ ಬಂದಿತು ಎಂಬುದನ್ನು ಯಾರು ಬರೆಯಬೇಕು? ಬೆಂಗಳೂರಿನ ವರದಿಗಾರನಿಗೆ ಘೋಷಣೆಯ ದಿನ ಒಂದು ಸುದ್ದಿ, ಉದ್ಘಾಟನೆಯ ದಿನ ಇನ್ನೊಂದು. ಇವೆರಡರ ನಡುವಣ ವರ್ಷಗಳು ನಮ್ಮವು. ಅವನ್ನು ಬರೆಯಬಲ್ಲವರು ಈ ಊರುಗಳಲ್ಲಿಯೇ ಮಲಗಿ ಏಳುವವರು, ಟೆಂಡರಿನ ಕಾಗದವನ್ನೂ ನಕ್ಷೆಯನ್ನೂ ಓದಲು ಕಲಿತವರು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ ಕೇಳಿದ ಪ್ರಶ್ನೆಗೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಒಂದು ತರಗತಿಯ ಮೂವತ್ತು ಮಕ್ಕಳು ಮೂವತ್ತು ಅರ್ಜಿಗಳನ್ನು ಬರೆದರೆ ಒಂದು ವರ್ಷದ ಪ್ರಾಯೋಗಿಕ ಪಾಠ ಮುಗಿಯಿತು. ಊರಿಗೆ ಪ್ರಯೋಜನ ಬೇರೆ.

ಪಶುಪಾಲನೆಗೆ ಅಜ್ಜಂಪುರದ ಅಮೃತಮಹಲ್ ತಳಿಸಂವರ್ಧನ ಕೇಂದ್ರವುಂಟು. ಮೈಸೂರು ಅರಸರ ಬೆಣ್ಣೆಚಾವಡಿಯಾಗಿದ್ದ ಆ ಗೋಸಂಪತ್ತಿಗೆ ಅಮೃತಮಹಲೆಂದು ಹೆಸರಿಟ್ಟವನು ಟಿಪ್ಪು. ಅದರ ಕಾವಲುಗಳ ಎಲ್ಲೆಗಳು ಹಳೆಯ ದಾಖಲೆಯಲ್ಲಿ ಎಲ್ಲಿದ್ದುವು, ಇಂದು ಎಲ್ಲಿವೆ ಎಂದು ನಡೆದು ನೋಡಿ ಬರೆದರೆ ಅದೊಂದು ಪುಸ್ತಕವಾದೀತು. ವಾಣಿಜ್ಯದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ: ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಕೆಯ ಧಾರಣೆಯನ್ನು ದಿನವೂ ಅಚ್ಚುಮಾಡುವವರುಂಟು, ನಿನ್ನೆಗೂ ಇಂದಿಗೂ ಏಕೆ ಇಷ್ಟು ಅಂತರವೆಂದು ವಿಚಾರಿಸಿ ಬರೆಯುವವರಿಲ್ಲ. ಈರುಳ್ಳಿ ಬೆಳೆದವರ ಗತಿಯೂ ಅಷ್ಟೆ.

ಹೊಟ್ಟೆಪಾಡಿನ ಪ್ರಶ್ನೆಗೆ ನಾನು ಸುಳ್ಳು ಸಮಾಧಾನ ಹೇಳಲಾರೆನು. ತಾಲ್ಲೂಕು ಕೇಂದ್ರಗಳಲ್ಲಿ ಪತ್ರಿಕೆಗೆ ಬರೆಯುವ ಅನೇಕರಿಗೆ ದೊರೆಯುವ ಸಂಭಾವನೆ ಅಲ್ಪ. ಕೆಲವರು ಜಾಹೀರಾತನ್ನೂ ತಾವೇ ತರಬೇಕು. ಜಾಹೀರಾತು ಕೊಟ್ಟವರ ವಿರುದ್ಧ ಬರೆಯುವುದು ಹೇಗೆಂದು ಅವರನ್ನು ಕೇಳಿದರೆ ಮೌನವೇ ಉತ್ತರ. ಯಂತ್ರವೇ ಸುದ್ದಿ ಬರೆಯುವ ಕಾಲ ಬಂದಿತಲ್ಲ ಎಂದೂ ಮಿತ್ರರು ಹೇಳಿಯಾರು. ಬರೆಯಲಿ, ಒಣಗಿದ ಕೆರೆಯ ಅಂಗಳಕ್ಕೆ ಇಳಿದು ನೋಡಿ ಬರುವ ಕೆಲಸವಂತೂ ಯಂತ್ರಕ್ಕೆ ಬರುವುದಿಲ್ಲ. ಆದರೆ ಈ ಪಾಠದಿಂದ ಬರುವ ಶಕ್ತಿ, ಅಂದರೆ ಕೇಳುವುದು, ತಾಳೆ ನೋಡುವುದು, ಕರ್ತೃವನ್ನು ಮರೆಮಾಡದೆ ಬರೆಯುವುದು, ಇದು ಶಿಕ್ಷಕಿಗೂ ವಕೀಲರಿಗೂ ಪಂಚಾಯತಿಯ ಸದಸ್ಯೆಗೂ ಬೇಕಾದುದೇ. ವಾಣಿಜ್ಯ ಓದಿದ ಮಕ್ಕಳೆಲ್ಲರಿಗೂ ಕೆಲಸ ಸಿಕ್ಕಿದೆಯೆಂದು ಮಿತ್ರರು ತಮ್ಮ ಬೀದಿಯಲ್ಲಿಯೇ ವಿಚಾರಿಸಿ ನೋಡಲಿ.

ಇದನ್ನು ಹೇಳುವುದಕ್ಕೆ ನನಗೊಂದು ಸ್ವಂತ ಕಾರಣವೂ ಇದೆ. ಬಹಳ ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನು ಇದೇ ಪ್ರಶ್ನೆಯನ್ನು ಕೇಳಿದ್ದನು. ಶಾಲೆಯ ಗೋಡೆಪತ್ರಿಕೆಯನ್ನು ಎರಡು ವರ್ಷ ಒಬ್ಬನೇ ಬರೆದು ಅಂಟಿಸಿದ ಹುಡುಗ. ಬಿಸಿಯೂಟದ ಅಕ್ಕಿಯಲ್ಲಿ ಕಲ್ಲೆಷ್ಟೆಂದು ಆರಿಸಿ ತೂಗಿ ಬರೆದವನು. ನಾನು, "ಅದೊಂದು ವಿದ್ಯೆಯೇನೋ? ಟಿ.ಸಿ.ಹೆಚ್. ಮಾಡು" ಎಂದೆನು. ಅವನು ಮಾಡಿದನು. ಈಗ ಒಳ್ಳೆಯ ಉಪಾಧ್ಯಾಯನೇ, ಎದುರಾದಾಗಲೆಲ್ಲ ನಮಸ್ಕರಿಸುತ್ತಾನೆ. ಆದರೆ ನಮ್ಮೂರ ಕೆರೆ ಕೋಡಿ ಬಿದ್ದಿತೆಂದು ಅಚ್ಚಾದ ದಿನ ನನಗೆ ನೆನಪಾದವನು ಅವನೇ.

ನಮ್ಮ ಸಂಘಕ್ಕೆ ಒಂದು ಸೂಚನೆ ಮಾಡುತ್ತೇನೆ. ಈ ಮಾಸಪತ್ರಿಕೆಯಲ್ಲಿ ತಿಂಗಳಿಗೆ ಎರಡು ಪುಟಗಳನ್ನು ಮೂರು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳಿಗೆ ಬಿಡೋಣ. ಕವಿತೆ ಬೇಡ, ಅದಕ್ಕೆ ಬೇರೆ ಪುಟಗಳಿವೆ. ತಾವು ಕಣ್ಣಾರೆ ನೋಡಿ, ಇಬ್ಬರ ಬಾಯಿಂದ ಕೇಳಿ, ಒಂದು ಕಾಗದದೊಡನೆ ತಾಳೆ ನೋಡಿದ ವರ್ತಮಾನವನ್ನು ಮಾತ್ರ ಬರೆಯಲಿ. "ಎನ್ನಲಾಗಿದೆ" ಎಂದಿದ್ದರೆ ಹಿಂದಕ್ಕೆ ಕಳುಹಿಸತಕ್ಕುದು. ಕಾಗುಣಿತ ತಿದ್ದುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಸಂಗತಿಯನ್ನು ನಾನೂ ತಿದ್ದುವುದಿಲ್ಲ, ಸಂಘದ ಪದಾಧಿಕಾರಿಗಳೂ ತಿದ್ದತಕ್ಕುದಲ್ಲ, ಅದು ನಮ್ಮ ಪೈಕಿಯವರ ವಿಷಯವೇ ಆಗಿದ್ದರೂ. ಮೊದಲನೆಯ ಲೇಖನವನ್ನು ಮಿತ್ರರ ಮೊಮ್ಮಗಳೇ ಬರೆಯಲೆಂದು ಕೋರುತ್ತೇನೆ. ಶಾಸನ ಸಂಪುಟದ ನನ್ನ ಪ್ರತಿಯನ್ನು ಅವಳಿಗೆಂದು ತೆಗೆದಿರಿಸಿದ್ದೇನೆ; ರಟ್ಟು ಕಿತ್ತುಹೋಗಿದೆ, ಪುಟಗಳೆಲ್ಲ ಇವೆ. ಮಿತ್ರರಿಗೆ ಈ ಉತ್ತರ ಸಮರ್ಪಕವೆನಿಸದಿದ್ದರೆ ಮುಂದಿನ ಸಂಚಿಕೆಗೆ ತಮ್ಮ ಖಂಡನೆಯನ್ನು ಕಳುಹಿಸಲಿ. ಕಾಲೇಜಿನ ಪ್ರವೇಶದ ಕಡೆಯ ದಿನಕ್ಕೆ ಮೊದಲೇ ಕಳುಹಿಸಬೇಕೆಂಬುದು ಮಾತ್ರ ನನ್ನ ವಿಜ್ಞಾಪನೆ.